ಮೊದಲು ಯಾರ ಬಾಕಿ? ಮಂಡ್ಯದ ಉದ್ಯಮಗಳಲ್ಲಿ ಹಣಕಾಸು ನಿರ್ಧಾರದ ಹಾದಿ

ಮುತ್ತತ್ತಿಯ ಆಂಜನೇಯನ ಸನ್ನಿಧಿ ತಲುಪುವ ಮೊದಲೇ ಕಾವೇರಿ ಮಂಡ್ಯ ಜಿಲ್ಲೆಯಲ್ಲಿ ಎರಡು ಉದ್ಯಮಗಳನ್ನು ಸಾಕಿದ್ದಾಳೆ. ಒಂದು ಶಿವನಸಮುದ್ರದ ವಿದ್ಯುತ್, ಇನ್ನೊಂದು ಮಂಡ್ಯದ ಸಕ್ಕರೆ. ಸಂಸ್ಥೆಯ ಹೊಣೆ ಹೊತ್ತವರು ಹಣದ ವಿಚಾರದಲ್ಲಿ ಎಲ್ಲಿ ಗಟ್ಟಿಯಾಗಿ ನಿಂತರು, ಎಲ್ಲಿ ಎಡವಿದರು ಎಂಬುದಕ್ಕೆ ಇವೆರಡರ ಚರಿತ್ರೆಯೇ ಸಾಕ್ಷಿ.

1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಮೈಸೂರು ಸಂಸ್ಥಾನದ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ಬಲ ಇದ್ದದ್ದು ಗಣಿ ಕಂಪನಿಗಳೊಂದಿಗಿನ ಒಪ್ಪಂದದಲ್ಲಿ. ಕೊಳ್ಳುವವರು ಖಾತ್ರಿಯಾಗಿದ್ದರಿಂದ ಹೂಡಿದ ಬಂಡವಾಳಕ್ಕೆ ಭದ್ರತೆ ಸಿಕ್ಕಿತು.

ಸಕ್ಕರೆಯ ಲೆಕ್ಕ ಇದಕ್ಕಿಂತ ತೊಡಕಿನದು. ಕೃಷ್ಣರಾಜಸಾಗರದ ನೀರು ನಾಲೆಗೆ ಬಂದಿತ್ತು. 1932ರ ಕಾಯ್ದೆ ದೇಶದ ಸಕ್ಕರೆಗೆ ಆಮದು ಸುಂಕದ ರಕ್ಷಣೆ ಕೊಟ್ಟಿತ್ತು. ಆ ಹೊತ್ತನ್ನು ಸರಿಯಾಗಿ ಗುರುತಿಸಿದವರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇಂದಿಗೂ ಜನರ ಬಾಯಲ್ಲಿ ಅದು ಮೈಷುಗರ್. ಕಬ್ಬು ಬೆಳೆದವರೂ ಅದರ ಷೇರುದಾರರಾದರು.

ಸ್ವಾತಂತ್ರ್ಯಾನಂತರ ನಿಯಂತ್ರಣದ ಕಾಲ. ಕಬ್ಬಿನ ದರ ದೆಹಲಿಯಲ್ಲಿ ನಿಗದಿಯಾಗುತ್ತಿತ್ತು. ಸಕ್ಕರೆಯ ಒಂದು ಪಾಲು ಲೆವಿಯಾಗಿ ಪಡಿತರಕ್ಕೆ ಹೋಗುತ್ತಿತ್ತು. 1998ರಲ್ಲಿ ಕಾರ್ಖಾನೆ ಸ್ಥಾಪನೆಗೆ ಪರವಾನಗಿಯ ಕಟ್ಟು ಸಡಿಲವಾಯಿತು, 2009ರಲ್ಲಿ ಕಬ್ಬಿಗೆ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಬಂತು, 2013ರಲ್ಲಿ ಲೆವಿ ಹೋಯಿತು. 2018ರಲ್ಲಿ ಸಕ್ಕರೆಗೆ ಕನಿಷ್ಠ ಮಾರಾಟ ದರದ ಜೊತೆಗೆ ತಿಂಗಳ ಮಾರಾಟ ಕೋಟಾ ಮರಳಿತು.

ಈಗಿನ ಬಿಕ್ಕಟ್ಟು ಒಂದು ಲೆಕ್ಕದಲ್ಲೇ ತಿಳಿಯುತ್ತದೆ. 2025-26ರ ಹಂಗಾಮಿಗೆ, ಸಕ್ಕರೆ ಇಳುವರಿ ಶೇ 9.5ಕ್ಕಿಂತ ಕಡಿಮೆ ಇದ್ದರೂ ಟನ್ ಕಬ್ಬಿಗೆ ಸುಮಾರು 3,290 ರೂ. ಕೊಡಬೇಕು. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಗೆ ಕಬ್ಬಿನ ಬಾಬ್ತೇ ದಿನಕ್ಕೆ ಒಂದೂವರೆ ಕೋಟಿ ರೂ. ದಾಟುತ್ತದೆ. 14 ದಿನದೊಳಗೆ ಪಾವತಿಸದಿದ್ದರೆ ಶೇ 15ರ ಬಡ್ಡಿ. ಆದರೆ ಸಕ್ಕರೆ ಮಾರಿ ಹಣ ಕೈಸೇರಲು ತಿಂಗಳುಗಟ್ಟಲೆ ಬೇಕು. ಆ ಅಂತರ ತುಂಬಲು ಬ್ಯಾಂಕಿನ ಸಾಲ. ಸಾಲ ಸಿಗದಿದ್ದರೆ ರೈತರ ಬಾಕಿ. ಬಾಕಿ ಬೆಳೆದರೆ ಕಬ್ಬು ಆಲೆಮನೆಗೋ ಮದ್ದೂರು ತಾಲ್ಲೂಕಿನ ಖಾಸಗಿ ಕಾರ್ಖಾನೆಗೋ ಹೋಗುತ್ತದೆ. ಕಬ್ಬಿಲ್ಲದೆ ಗಾಣ ನಿಂತರೂ ಸಂಬಳ, ಬಡ್ಡಿ ನಿಲ್ಲುವುದಿಲ್ಲ. ಎಥೆನಾಲ್, ಸಹವಿದ್ಯುತ್ ಘಟಕಗಳು ಆದಾಯ ತರುತ್ತವೆ, ನಿಜ. ಅವಕ್ಕೂ ಮೊದಲು ಕಬ್ಬು ಬರಬೇಕು.

2020ರಲ್ಲಿ ಪಾಂಡವಪುರದ ಸಹಕಾರಿ ಕಾರ್ಖಾನೆ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ರಾಜ್ಯ ಸರ್ಕಾರ ತನ್ನ ಮೈಷುಗರ್‌ಗೂ ಅದೇ ದಾರಿ ಯೋಚಿಸಿದಾಗ ಜಿಲ್ಲೆಯ ರೈತರು ಹೋರಾಟಕ್ಕಿಳಿದರು. ಸರ್ಕಾರ ಮನಸ್ಸು ಬದಲಿಸಿ ಹಣ ಕೊಟ್ಟಿತು; ವರ್ಷಗಟ್ಟಲೆ ನಿಂತಿದ್ದ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯಿತು.

ಮಾಲೀಕರು ಯಾರೇ ಆಗಲಿ, ಕಾರ್ಖಾನೆಯ ಮುಖ್ಯಸ್ಥರ ನಾಯಕತ್ವದ ಪರೀಕ್ಷೆ ಒಂದೇ: ಹಣ ಸಾಲದಿದ್ದಾಗ ಮೊದಲು ಯಾರಿಗೆ ಕೊಡುತ್ತಾರೆ? ರೈತರ ಬಾಕಿಯನ್ನು ಬಡ್ಡಿಯಿಲ್ಲದ ಸಾಲವೆಂದು ಬಗೆದವರು ಮುಂದಿನ ಹಂಗಾಮಿನ ಕಬ್ಬನ್ನೇ ಅಡವಿಟ್ಟಂತೆ. ಸರ್ಕಾರಿ ಕಾರ್ಖಾನೆಗೆ ವರ್ಗಾವಣೆಯ ಭಯವಿಲ್ಲದೆ ಕೆಲವು ಹಂಗಾಮಾದರೂ ನಿಲ್ಲುವ ವ್ಯವಸ್ಥಾಪಕ ನಿರ್ದೇಶಕರು ಬೇಕು. ಅರೆದ ಕಬ್ಬು, ಬಂದ ಇಳುವರಿ, ಉಳಿದ ಬಾಕಿ ಈ ಮೂರನ್ನೂ ಷೇರುದಾರ ರೈತರ ಮುಂದೆ ವಾರವಾರ ಇಡಬೇಕು. ಲೆಕ್ಕ ಕಣ್ಣಿಗೆ ಕಂಡರೆ ಬೆಳೆಗಾರ ಕಷ್ಟಕಾಲದಲ್ಲೂ ತನ್ನ ಕಬ್ಬನ್ನು ಕಾರ್ಖಾನೆಗೇ ತರುತ್ತಾನೆ.