ಗುಡ್ಡ ಆರಿಸಿದ ಸಿಮ್

ಮಲೆನಾಡಿನಲ್ಲಿ ಯಾವ ಕಂಪನಿಯ ಸಿಮ್ ಕೊಳ್ಳಬೇಕೆಂದು ತೀರ್ಮಾನಿಸುವುದು ಮನೆಯೆದುರಿನ ಗುಡ್ಡ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮೊಬೈಲ್ ಚರಿತ್ರೆ ಬರೆಯಹೊರಟರೆ ಕಂಪನಿಗಳ ಜಾಹೀರಾತಿಗಿಂತ ಕೊಡಚಾದ್ರಿ, ಕುಂದಾದ್ರಿಗಳ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲಿದ್ದದ್ದು ಕಂಬ, ತಂತಿಯ ಕಾಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಪೋರ್ಟ್‌ಗಳ ಪುಟ್ಟ ಎಕ್ಸ್‌ಚೇಂಜ್ ರೂಪಿಸಿತು. ಎ.ಸಿ. ಬೇಡದ, ಧೂಳು-ಸೆಕೆ ತಡೆಯುವ ಯಂತ್ರ. ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೆಲಸ ಶುರುಮಾಡಿತು. ಇಂಥವು ಬಂದ ಮೇಲೆಯೇ ತೋಟದ ಒಂಟಿ ಮನೆಗಳಿಗೂ ಫೋನ್ ಬರತೊಡಗಿದ್ದು. ಮರ ಬಿದ್ದು ತಂತಿ ಹರಿದರೆ ಲೈನ್‌ಮ್ಯಾನ್ ಬರುವತನಕ ಮೌನ. ಆದರೆ ಯಾವ ಡಬ್ಬಿ ಸಿಕ್ಕಿಸಿದರೂ ಮಾತಾಡುತ್ತಿತ್ತು.

ಆ ನೆಮ್ಮದಿ ಮುಗಿದದ್ದು 2002-03ರಲ್ಲಿ. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಗೆ ಇಳಿಯಿತು. ಮರುವರ್ಷ ಒಳಬರುವ ಕರೆ ಉಚಿತವಾಯಿತು, ರಿಲಯನ್ಸ್ 501 ರೂಪಾಯಿ ಕಟ್ಟಿದವರ ಕೈಗೆ ಫೋನಿಟ್ಟಿತು. ಬಿಎಸ್‌ಎನ್‌ಎಲ್‌ನದು ಜಿಎಸ್‌ಎಂ: ಸಿಮ್ ಬೇರೆ, ಫೋನ್ ಬೇರೆ. ರಿಲಯನ್ಸಿನದು ಸಿಡಿಎಂಎ: ಆರಂಭದಲ್ಲಿ ಸಿಮ್ಮೇ ಇಲ್ಲ, ನಂಬರು ಫೋನಿನ ಹೊಟ್ಟೆಯೊಳಗೆ. ಕಂಪನಿ ಬೇಡವೆಂದರೆ ಫೋನನ್ನೇ ಬಿಡಬೇಕು. ಬಿಎಸ್‌ಎನ್‌ಎಲ್ ಹಳ್ಳಿಮನೆಗಳಿಗೆ ಕೊಟ್ಟ ಡಬ್ಲ್ಯುಎಲ್‌ಎಲ್ ಡಬ್ಬಿಯೂ ಸಿಡಿಎಂಎ ಜಾತಿಯದೇ. ಅದರ ಆಂಟೆನಾವನ್ನು ಗಳುವಿಗೆ ಕಟ್ಟಿ ಮಾಡಿನ ಮೇಲೆ ಒಬ್ಬರು ತಿರುಗಿಸುತ್ತಿದ್ದರೆ, 'ಹಾಂ, ಈಗ ಬಂತು, ಅಲ್ಲೇ ಇರ್ಲಿ' ಎಂದು ಕೆಳಗಿನಿಂದ ಕೂಗಲು ಇನ್ನೊಬ್ಬರು ಬೇಕಿತ್ತು. ಅದೇ 2003ರಲ್ಲಿ ಬಂದ ನೋಕಿಯಾ 1100 ಯಾವ ಜಿಎಸ್‌ಎಂ ಸಿಮ್ಮಿಗೂ ಒಗ್ಗುತ್ತಿತ್ತು. ಜೊತೆಗೆ ಟಾರ್ಚ್ ಇತ್ತು. ರಾತ್ರಿ ತೋಟದ ದಾರಿ ನಡೆಯುವವರಿಗೆ ಅದೇನು ಸಣ್ಣ ಸಂಗತಿಯೇ!

2011ರ ಜನವರಿ 20ರಂದು ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಅವಕಾಶ ದೇಶಕ್ಕೆಲ್ಲ ಬಂತು. ಪೇಟೆಯವರಿಗೆ ಅದು ದೊಡ್ಡ ಸ್ವಾತಂತ್ರ್ಯ. ಒಂದೇ ಟವರ್ ಇರುವ ಹಳ್ಳಿಯವರು ಬಿಟ್ಟು ಹೋಗುವುದಾದರೂ ಎಲ್ಲಿಗೆ? ನನ್ನ ಪ್ರಕಾರ ಮಲೆನಾಡನ್ನು ಬಿಡುಗಡೆ ಮಾಡಿದ್ದು ಎರಡು ಸಿಮ್ಮಿನ ಫೋನು. ಒಂದು ಮನೆಯಲ್ಲಿ ಸಿಗುವುದಕ್ಕೆ, ಇನ್ನೊಂದು ಪೇಟೆಗೆ. ನನ್ನ ದೊಡ್ಡಪ್ಪ ಎರಡನೆಯದನ್ನು 'ಮಳೆಗಾಲದ ಸಿಮ್' ಎನ್ನುತ್ತಿದ್ದರು. ಕರೆಂಟ್ ಹೋದಾಗ ಯಾವ ಟವರಿನ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆಂಬ ಲೆಕ್ಕ ಅವರದು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅದರಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ಹಳೆಯ ಫೋನಿಗೆ ಆ ಸಿಮ್ ಬರೀ ಪ್ಲಾಸ್ಟಿಕ್ ಚೂರು. ಮರುವರ್ಷ 1500 ರೂಪಾಯಿ ಠೇವಣಿಗೆ ಬಂದ ಜಿಯೋಫೋನಿನಲ್ಲಿ ಬೇರೆ ಕಂಪನಿಯ ಸಿಮ್ ನಡೆಯುತ್ತಿರಲಿಲ್ಲ. 2003ರ ಕಟ್ಟು ಹದಿನಾಲ್ಕು ವರ್ಷಗಳ ಮೇಲೆ ಮರಳಿತ್ತು. ಇತ್ತ ಏರ್‌ಸೆಲ್ ಮುಳುಗಿತು, ಟಾಟಾ ಡೊಕೊಮೊ ಏರ್‌ಟೆಲ್ ಸೇರಿತು, 2018ರಲ್ಲಿ ಐಡಿಯಾ-ವೊಡಾಫೋನ್ ಒಂದಾದವು.

ಹೀಗೆ ಉಳಿದ ಖಾಸಗಿಯವರು ಟವರ್ ಹಾಕುವ ಮುಂಚೆ ತಲೆ ಎಣಿಸುತ್ತಾರೆ. ನಮ್ಮಲ್ಲಿ ಮನೆಗೂ ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಅದರ ಬಿಸಿ ಮುಟ್ಟಿದ್ದು ಕೊರೋನಾ ಕಾಲದ ಆನ್‌ಲೈನ್ ಪಾಠದಲ್ಲಿ. ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದರು. 2021ರಲ್ಲಿ ಸಾಗರ, ಹೊಸನಗರದ ಹಳ್ಳಿಗಳಿಂದ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಕೂಗೆದ್ದಿತು. ನಾಡಿಗೆ ಬೆಳಕು ಕೊಡಲು 1964ರಲ್ಲಿ ಲಿಂಗನಮಕ್ಕಿಯ ನೀರಿನಡಿ ಮುಳುಗಿದ ಕಣಿವೆಯ ಅಂಚಿನವರೂ ಆ ಹಳ್ಳಿಗಳಲ್ಲಿದ್ದರು ಎಂಬುದನ್ನು ನಾನು ಮರೆಯಲಾರೆ.

2022ರ ಜುಲೈನಲ್ಲಿ ಕೇಂದ್ರ ಸಂಪುಟ, ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿ ಒಪ್ಪಿತು, ಹೊಣೆ ಬಿಎಸ್‌ಎನ್‌ಎಲ್‌ನದು. 2025ರ ಸೆಪ್ಟೆಂಬರಿನಲ್ಲಿ ಅದರ ಸ್ವದೇಶಿ 4ಜಿ ಉದ್ಘಾಟನೆಯಾಯಿತು. ಅದು ಬಳಸುವ ಅಲೆಗಳಲ್ಲಿ 700 ಮೆಗಾಹರ್ಟ್ಸ್ ಒಂದು. ಇದು ಕಾಡು ದಾಟಿ ದೂರ ಹೋಗುವ ಅಲೆ, ನಮಗೆ ಹೇಳಿಮಾಡಿಸಿದ್ದು. ಆದರೆ ಅದನ್ನು ಹಿಡಿಯಲು ಫೋನಿನಲ್ಲಿ 'ಬ್ಯಾಂಡ್ 28' ಇರಬೇಕು. ಬೇರೆ ಕಂಪನಿಗಳ 4ಜಿ ನಂಬಿ ಕೊಂಡ ಎಷ್ಟೋ ಫೋನುಗಳಲ್ಲಿ ಅದಿಲ್ಲ. ಆ ಅಲೆಯೊಂದನ್ನೇ ಬಿಡುವ ಟವರಿನ ಬುಡದಲ್ಲಿ ನಿಂತರೂ ಇಂಥ ಫೋನಿಗೆ ಒಂದು ಕಡ್ಡಿಯೂ ಬಾರದು. ಫೋನಿನ ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಎಲ್ಲರೂ ಕೇಳುತ್ತಾರೆ. ಬ್ಯಾಂಡ್ 28 ಇದೆಯೇ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.