ಕೊಯಮತ್ತೂರು ಕೋಟೆಯ ಮುತ್ತಿಗೆ: ಬೆಂಕಿಕಡ್ಡಿ ಸೈನಿಕರು ಕಲಿಸುವ ಚರಿತ್ರೆ

ಶಾಲೆಯಲ್ಲಿ ವಸ್ತುಪ್ರದರ್ಶನ ಅಂದ ಕೂಡಲೇ ಥರ್ಮಾಕೋಲಿನ ಜ್ವಾಲಾಮುಖಿ, ಮಳೆನೀರು ಕೊಯ್ಲು, ಬಲ್ಬು ಉರಿಯುವ ಸರ್ಕ್ಯೂಟು ಇವೇ ಎದ್ದು ನಿಲ್ಲುತ್ತವೆ. ಸಮಾಜ ವಿಜ್ಞಾನದ ಪಾಲಿಗೆ ಹೆಚ್ಚೆಂದರೆ ಒಂದು ತಾಜಮಹಲು, ಇಲ್ಲವೇ ಒಂದು ಕೆಂಪುಕೋಟೆ. ಚರಿತ್ರೆ ಪಾಠ ಮಾಡುವ ಮೇಷ್ಟ್ರುಗಳಿಗೆ ನನ್ನದೊಂದು ಸಲಹೆ ಇದೆ. ಮಕ್ಕಳ ಕೈಯಲ್ಲಿ ಒಂದು ಯುದ್ಧದ ಮಾದರಿ ಮಾಡಿಸಿ. ಪಾಣಿಪತ್ತೂ ಬೇಡ, ಪ್ಲಾಸಿಯೂ ಬೇಡ. ನಮ್ಮ ಪಕ್ಕದಲ್ಲೇ, ಕೊಯಮತ್ತೂರಿನಲ್ಲಿ, 1791ರಲ್ಲಿ ನಡೆದ ಮುತ್ತಿಗೆಯೇ ಸಾಕು.

ಇಂಥ ಮಾದರಿಗೆ ಡಯೋರಾಮಾ ಎನ್ನುತ್ತಾರೆ. ಈ ಹೆಸರನ್ನು 1822ರಲ್ಲಿ ಪ್ಯಾರಿಸಿನಲ್ಲಿ ಚಾಲ್ತಿಗೆ ತಂದವನು ಲೂಯಿ ದಾಗೇರ್. ಮುಂದೆ ಫೋಟೋಗ್ರಫಿಯನ್ನು ರೂಪಿಸಿದವರಲ್ಲಿ ಒಬ್ಬನಾದ ಅದೇ ದಾಗೇರ್. ಅವನದು ಬೆಳಕಿನ ಆಟದಿಂದ ಬದಲಾಗುವ ದೊಡ್ಡ ಚಿತ್ರ. ಈಗ ನಾವು ಆ ಹೆಸರಿನಿಂದ ಕರೆಯುವುದು ನೆಲ, ಗೋಡೆ, ಮರ, ಮನುಷ್ಯರನ್ನು ಒಂದೇ ಅಳತೆಯಲ್ಲಿ ಕಿರಿದು ಮಾಡಿ ಒಂದು ಕ್ಷಣವನ್ನು ಹಿಡಿದು ನಿಲ್ಲಿಸಿದ ಮಾದರಿಯನ್ನು.

ಗೆದ್ದವರು ಬರೆಸಿದ ಚಿತ್ರಗಳು

ಮೈಸೂರಿನ ಯುದ್ಧಗಳನ್ನು ಜನರ ಕಣ್ಣೆದುರು ನಿಲ್ಲಿಸುವ ಕೆಲಸ ಅಂದಿನ ಕಾಲದಲ್ಲೇ ನಡೆದಿತ್ತು. ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋದವರೆಲ್ಲ ದರಿಯಾ ದೌಲತ್ ಗೋಡೆಯ ಮೇಲಿನ ದೊಡ್ಡ ಚಿತ್ರ ನೋಡಿರುತ್ತೀರಿ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ಮುರಿದದ್ದು ಅದರಲ್ಲಿದೆ. ಮದ್ದಿನ ಗಾಡಿ ಸಿಡಿಯುವುದನ್ನೂ ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿರುವುದನ್ನೂ ಕಾಣಬಹುದು.

ಇದಕ್ಕೆ ಎದುರಾದ ಚಿತ್ರ ಲಂಡನ್ನಿನಲ್ಲಿ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಆ ದಾಳಿಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಪ್ರದರ್ಶನಕ್ಕಿಟ್ಟ. ಅವನು ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ! ಜನ ದುಡ್ಡು ಕೊಟ್ಟು ನೋಡಿದರು. ಎರಡು ಚಿತ್ರಗಳೂ ಗೆದ್ದವರ ಚಿತ್ರಗಳೇ. ಒಂದನ್ನು ಮೈಸೂರು ಗೆದ್ದಾಗ ಬರೆಸಿದರು, ಇನ್ನೊಂದನ್ನು ಸೋತಾಗ ಬೇರೆಯವರು ಬರೆದರು.

ಒಬ್ಬ ಕ್ಯಾಪ್ಟನ್ನನ ಕಷ್ಟ

ಲೆಕ್ಕಾಚಾರ ಹಾಕಿ ಯುದ್ಧದ ಮಾದರಿ ಮಾಡಿದವರಲ್ಲಿ ಹೆಸರಾದವನು ಬ್ರಿಟಿಷ್ ಸೈನ್ಯದ ವಿಲಿಯಂ ಸೈಬರ್ನ್. ಅವನಿಗೆ ಒಪ್ಪಿಸಿದ ಕೆಲಸ ವಾಟರ್ಲೂ ಯುದ್ಧದ ಮಾದರಿ. 1830ರಲ್ಲಿ ಆ ನೆಲಕ್ಕೆ ಹೋಗಿ ಎಂಟು ತಿಂಗಳು ಅಲ್ಲೇ ಉಳಿದು ಅಳತೆ ಮಾಡಿದ. ಬದುಕಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದು, ಸಂಜೆ ಸುಮಾರು ಏಳು ಗಂಟೆಗೆ ನಿಮ್ಮ ಪಡೆ ಎಲ್ಲಿತ್ತು ಎಂದು ಕೇಳಿದ. 1838ರಲ್ಲಿ ಮಾದರಿ ಲಂಡನ್ನಿನಲ್ಲಿ ಪ್ರದರ್ಶನವಾಯಿತು. ಒಂದು ಮೈಲಿಗೆ ಒಂಬತ್ತು ಅಡಿಯ ಅಳತೆ, ಎಪ್ಪತ್ತು ಸಾವಿರಕ್ಕೂ ಹೆಚ್ಚು ತವರದ ಗೊಂಬೆಗಳು, ಒಂದೊಂದು ಗೊಂಬೆ ಇಬ್ಬರು ಸೈನಿಕರಿಗೆ ಸಮ.

ಆಗಲೇ ತಕರಾರು ಶುರುವಾಯಿತು. ಸಂಜೆ ಏಳಕ್ಕೆ ಮೈದಾನದಲ್ಲಿ ಪ್ರಷ್ಯದ ಸೈನಿಕರು ಸಾವಿರಾರು ಮಂದಿ ಬಂದು ಸೇರಿದ್ದರು. ಹಾಗೆಯೇ ತೋರಿಸಿದರೆ ಗೆಲುವು ವೆಲ್ಲಿಂಗ್ಟನ್ನನೊಬ್ಬನದೇ ಎನ್ನುವಂತಿಲ್ಲ! ಈ ವೆಲ್ಲಿಂಗ್ಟನ್ ಬೇರಾರೂ ಅಲ್ಲ, 1799ರಲ್ಲಿ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ವೆಲ್ಲೆಸ್ಲಿಯೇ. ಅವನ ಕಡೆಯವರಿಗೆ ಮಾದರಿ ಹಿಡಿಸಲಿಲ್ಲ. ಕೊನೆಗೆ ಸೈಬರ್ನ್ ಪ್ರಷ್ಯದ ಗೊಂಬೆಗಳಲ್ಲಿ ಬಹುಪಾಲನ್ನು ಎತ್ತಿಬಿಟ್ಟ. ಆ ಮಾದರಿ ಈಗ ಲಂಡನ್ನಿನ ರಾಷ್ಟ್ರೀಯ ಸೈನ್ಯ ವಸ್ತುಸಂಗ್ರಹಾಲಯದಲ್ಲಿದೆ.

ಇದರಿಂದ ನಾವು ಕಲಿಯಬೇಕಾದ್ದು ಇಷ್ಟೆ. ಪುಸ್ತಕದಲ್ಲಿ ಯಾರನ್ನಾದರೂ ಬಿಟ್ಟು ಬರೆದರೆ ಓದುಗನಿಗೆ ಗೊತ್ತಾಗುವುದಿಲ್ಲ. ಮಾದರಿಯಲ್ಲಿ ಬಿಟ್ಟರೆ ಆ ಜಾಗ ಖಾಲಿ ಕಾಣುತ್ತದೆ.

1791ರಲ್ಲಿ ಆದದ್ದು

ಈಗ ನಮ್ಮ ನೆಲಕ್ಕೆ ಬರೋಣ. 17ನೇ ಶತಮಾನದಿಂದ 1799ರವರೆಗೆ, ಯುದ್ಧಗಳ ನಡುವೆ ಕೈ ಬದಲಾದದ್ದನ್ನು ಬಿಟ್ಟರೆ, ಕೊಯಮತ್ತೂರು ಸೀಮೆ ಮೈಸೂರಿನದು. ಮೈಸೂರಿನಿಂದ ಕೆಳಗಿಳಿಯುವ ದಾರಿ ಗಜ್ಜಲಹಟ್ಟಿ ಕಣಿವೆ; ತಾಳವಾಡಿ ಕಡೆಯ ಮಕ್ಕಳಿಗೆ ಅದು ಅಕ್ಕಪಕ್ಕದ ಕಾಡು. ಪಶ್ಚಿಮಕ್ಕೆ ಬೆಟ್ಟಸಾಲಿನ ನಡುವೆ ಬಾಗಿಲಿನಂತೆ ತೆರೆದಿರುವ ಪಾಲಕ್ಕಾಡು ಕಣಿವೆ. ಮೈಸೂರಿಗೂ ಮಲಬಾರಿಗೂ ನಡುವೆ ಸೈನ್ಯ ಓಡಾಡಬೇಕಾದರೆ ಕೊಯಮತ್ತೂರು ಕೈಯಲ್ಲಿರಬೇಕು. ಅದಕ್ಕೇ ಈ ಕೋಟೆಗೂ ಇಂದಿನ ತಿರುಪ್ಪೂರು ಜಿಲ್ಲೆಯ ಧಾರಾಪುರಂ ಕೋಟೆಗೂ ನೆಮ್ಮದಿ ಇರಲಿಲ್ಲ. 1783ರಲ್ಲಿ ಕರ್ನಲ್ ಫುಲ್ಲರ್ಟನ್ ಎರಡನ್ನೂ ಹಿಡಿದ, ಒಪ್ಪಂದವಾದ ಮೇಲೆ ಅವು ಮೈಸೂರಿಗೆ ಮರಳಿದವು. 1790ರಲ್ಲಿ ಜನರಲ್ ಮೆಡೋಸ್ ಮತ್ತೆ ಹಿಡಿದ. ಅದೇ ವರ್ಷ ಟಿಪ್ಪು ಗಜ್ಜಲಹಟ್ಟಿ ಇಳಿದು ಬಂದು ಸತ್ಯಮಂಗಲದ ಹತ್ತಿರ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದ, ಧಾರಾಪುರಂ ಕೋಟೆಯನ್ನು ವಾಪಸು ಪಡೆದ. ಕೊಯಮತ್ತೂರು ಮಾತ್ರ ಕಂಪನಿಯ ಕೈಯಲ್ಲೇ ಉಳಿಯಿತು.

1791ರಲ್ಲಿ ಕಂಪನಿಯವರು ಭಾರಿ ಫಿರಂಗಿಗಳನ್ನೂ ಒಳ್ಳೆಯ ಸಾಮಗ್ರಿಯನ್ನೂ ಪಾಲಕ್ಕಾಡಿಗೆ ಸಾಗಿಸಿ, ಈ ಕೋಟೆಯನ್ನು ಲೆಫ್ಟಿನೆಂಟ್ ಚಾಲ್ಮರ್ಸ್ ಎಂಬ ಕಿರಿಯ ಅಧಿಕಾರಿಗೆ ಒಪ್ಪಿಸಿದರು. ಅವನ ಜತೆ ಇದ್ದವರು ಸುಮಾರು 120 ಜನ ಟೋಪಾಸರು ಮತ್ತು ತಿರುವಾಂಕೂರಿನ 200 ಸೈನಿಕರು. ಟೋಪಾಸರು ಅಂದರೆ ಪೋರ್ಚುಗೀಸ್ ಮೂಲ ಹೇಳಿಕೊಳ್ಳುತ್ತಿದ್ದ ಈ ದೇಶದ ಕ್ರೈಸ್ತ ಸಿಪಾಯಿಗಳು. ತಿರುವಾಂಕೂರಿನ ಪಡೆಗೆ ನಾಯಕ ಮಿಗೋ ದ ಲಾ ಕೋಂಬ್ ಎಂಬ ಫ್ರೆಂಚ್ ಯುವಕ. 1789ರ ಕೊನೆಗೆ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ್ದರಿಂದಲೇ ಈ ಯುದ್ಧ ಹೊತ್ತಿಕೊಂಡದ್ದು. ಆ ರಾಜ್ಯದ ಸೈನಿಕರು ಕೊಯಮತ್ತೂರಿನಲ್ಲಿದ್ದದ್ದು ಹಾಗೆ.

ಜೂನ್ ತಿಂಗಳಲ್ಲಿ ಮೈಸೂರಿನ ಪಡೆ ಬಂದು ಸುತ್ತುವರಿಯಿತು. ಕವಾಯತು ಕಲಿತ ಕಾಲಾಳುಗಳೇ ಸುಮಾರು 2,000, ಜತೆಗೆ ಕುದುರೆ ಸವಾರರು, ಎಂಟು ಫಿರಂಗಿ. ಆಗಸ್ಟ್ 11ರಂದು ಕೋಟೆಗೆ ಲಗ್ಗೆ ಹಾಕಿದರು, ಆಗಲಿಲ್ಲ. ಪಾಲಕ್ಕಾಡಿನಿಂದ ಮೇಜರ್ ಕಪ್ಪೇಜ್ ಬಂದ ಮೇಲೆ ಮುತ್ತಿಗೆ ತೆರವಾಯಿತು. ಅಕ್ಟೋಬರಿನಲ್ಲಿ ಕಮರುದ್ದೀನ್ ಖಾನ್ ಇನ್ನೂ ದೊಡ್ಡ ಪಡೆ ತಂದ. ಈ ಬಾರಿ ಕಪ್ಪೇಜನಿಗೆ ಕೋಟೆ ತಲುಪಲು ಆಗಲಿಲ್ಲ. ನವೆಂಬರ್ ಮೊದಲ ವಾರ ಕೋಟೆ ಶರಣಾಯಿತು. ಒಳಗಿದ್ದವರನ್ನು ಪಾಲಕ್ಕಾಡಿಗೆ ಕಳುಹಿಸುವ ಮಾತಾಗಿತ್ತು, ಆದರೆ ಅದನ್ನು ಟಿಪ್ಪು ಒಪ್ಪಲಿಲ್ಲ. ಅವರನ್ನು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಿದ್ದಾಗ, ಟಿಪ್ಪು ಸಂಧಿಯ ಕಾಗದ ಕೊಟ್ಟು ಕಳಿಸಿದ್ದು ಇದೇ ಚಾಲ್ಮರ್ಸ್‌ನ ಕೈಯಲ್ಲಿ. ಸಂಧಿಯಾದ ಮೇಲೂ ಕೊಯಮತ್ತೂರು ಟಿಪ್ಪುವಿನ ಬಳಿಯೇ ಉಳಿದು, 1799ರಲ್ಲಿ ಕಂಪನಿಗೆ ಹೋಯಿತು.

ಇಂದು ಅಲ್ಲಿ ಕೋಟೆ ಇಲ್ಲ. ಕೋಟ್ಟೈಮೇಡು ಎಂಬ ಹೆಸರು ಇದೆ, ಅಂದರೆ ಕೋಟೆದಿಬ್ಬ. ಕೋಟೆಯ ಹೆಸರಿನಿಂದಲೇ ಕರೆಯುವ ಸಂಗಮೇಶ್ವರ ದೇವಸ್ಥಾನ ಅಲ್ಲಿದೆ. ಕಲ್ಲು ಗೋಡೆ ನೋಡಲು ಹೋದವರಿಗೆ ಸಿಗುವುದು ಪೇಟೆ ಬೀದಿ. ಅದಕ್ಕೇ ಮಾದರಿ ಬೇಕು ಅನ್ನುವುದು.

ಮಾದರಿಯ ಲೆಕ್ಕ

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸೈನಿಕರ ಅಳತೆ ಹೆಚ್ಚಾಗಿ 1:72. ಅದರಲ್ಲಿ 1.8 ಮೀಟರ್ ಆಳು ಎರಡೂವರೆ ಸೆಂಟಿಮೀಟರ್ ಆಗುತ್ತಾನೆ. ನೋಡಲು ಚೆಂದ. ಆದರೆ ನಾಲ್ಕಡಿ ಹಲಗೆಯಲ್ಲಿ ಹಿಡಿಸುವ ನೆಲ ಬರೀ 88 ಮೀಟರ್. ಗೋಡೆ ಇಟ್ಟರೆ ಮುತ್ತಿಗೆ ಹಾಕಿದವರಿಗೆ ಜಾಗವಿಲ್ಲ. 1:1000 ಅಳತೆ ಇಟ್ಟರೆ ಇಡೀ ಊರು ಬರುತ್ತದೆ, ಆದರೆ ಆಳು ರಾಗಿಕಾಳಿನಷ್ಟು! ನಡುವಿನ 1:200 ಮೊದಲ ಮಾದರಿಗೆ ಅನುಕೂಲ. ನಾಲ್ಕಡಿಗೆ ಸುಮಾರು 244 ಮೀಟರ್ ಸಿಗುತ್ತದೆ, ಆಳಿನ ಎತ್ತರ 9 ಮಿಲಿಮೀಟರ್. ಒಂದು ಬೆಂಕಿಕಡ್ಡಿಯಲ್ಲಿ ನಾಲ್ಕು ಜನ! (ಮದ್ದಿನ ತುದಿಯನ್ನು ದೊಡ್ಡವರೇ ಮೊದಲು ಕತ್ತರಿಸಿ ತೆಗೆಯಲಿ.)

ನಾಲ್ಕಡಿ ಮೂರಡಿ ಪ್ಲೈವುಡ್ ಸಾಕು. ಥರ್ಮಾಕೋಲ್ ತುಂಡುಗಳಿಂದ ದಿಬ್ಬ ಏರಿಸಿ, ಮೇಲೆ ಹಳೇ ಪೇಪರು ಮತ್ತು ಮೈದಾ ಅಂಟು. ಅದು ಒಣಗಿದ ಮೇಲೆ ಫೆವಿಕಾಲ್ ಹಚ್ಚಿ ಜರಡಿ ಹಿಡಿದ ಮಣ್ಣು ಉದುರಿಸಿ. ಎರೆಮಣ್ಣು, ಕೆಮ್ಮಣ್ಣು ಎರಡೂ ಕೊಯಮತ್ತೂರು ಸೀಮೆಯ ನೆಲವೇ. ತೆಂಗಿನ ಪೊರಕೆಯ ಕಡ್ಡಿಯಿಂದ ತಾಳೆಮರ ಮಾಡಬಹುದು. ಫಿರಂಗಿಯ ಹೊಗೆಗೆ ಹತ್ತಿ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ನಾಡಿನಲ್ಲಿ ಹತ್ತಿಗೆ ಬರವೇ?

ಕ್ಷಣ ಯಾವುದು ಎಂದು ಮೊದಲೇ ನಿಶ್ಚಯಿಸಿ. ಜೂನ್ ತಿಂಗಳು, ಮುತ್ತಿಗೆ ಶುರುವಾದ ದಿನಗಳು ಎಂದಿಟ್ಟುಕೊಳ್ಳಿ. ಆಗ ಪಾಲಕ್ಕಾಡು ಕಣಿವೆಯಿಂದ ಪಡುವಣ ಗಾಳಿ ಜೋರಾಗಿ ನುಗ್ಗುತ್ತದೆ. ಪಲ್ಲಡಂ, ಉಡುಮಲೈ ಕಡೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವುದು ಈ ಗಾಳಿಯನ್ನು ನಂಬಿಯೇ. ಹಾಗಾಗಿ ಬಾವುಟ, ಹೊಗೆ ಎಲ್ಲವೂ ಪೂರ್ವಕ್ಕೆ ವಾಲಬೇಕು. ಹಲಗೆಯ ಪಡುವಣ ಅಂಚಿಗೆ ಪಾಲಕ್ಕಾಡಿನ ದಾರಿ ಇರಲಿ. ಚೆಂದ ಕಾಣುತ್ತದೆ ಎಂದು ಆನೆ, ರಾಕೆಟ್ಟು ಸೇರಿಸಬೇಡಿ. ಬಣ್ಣ ಹಚ್ಚುವಾಗ ಒಂದೊಂದು ಗುಂಪಿಗೆ ಒಂದು ಬಣ್ಣ ಕೊಟ್ಟು, ಇದು ಉಡುಪಿನ ಬಣ್ಣವಲ್ಲ, ಗುರುತಿನ ಬಣ್ಣ ಎಂದು ಚೀಟಿ ಅಂಟಿಸಿ.

ಈಗ ಎಣಿಸಿ

ಸೈಬರ್ನ್ ಇಬ್ಬರಿಗೆ ಒಂದು ಗೊಂಬೆ ಇಟ್ಟ. ನಾವು ಹತ್ತು ಜನಕ್ಕೆ ಒಂದು ಕಡ್ಡಿ ಇಡೋಣ. ಹೊರಗೆ ಕಾಲಾಳುಗಳದೇ 200 ಕಡ್ಡಿ. ಒಳಗೆ 32. ಈ 32ರಲ್ಲಿ ತಿರುವಾಂಕೂರಿನವರು 20, ಟೋಪಾಸರು 12. ಇಂಗ್ಲಿಷರ ಕಡ್ಡಿ ಎಷ್ಟು? ಈ ಲೆಕ್ಕದಲ್ಲಿ ಒಂದೂ ಬರುವುದಿಲ್ಲ! ಚಾಲ್ಮರ್ಸ್ ಮತ್ತು ಫ್ರೆಂಚ್ ಯುವಕನಿಗೆ ಬೇಕಾದರೆ ಬೇರೆ ಎರಡು ಕಡ್ಡಿ ಇಡಬೇಕು. ಕತೆ ಹೇಳುವಾಗ ಮಾತ್ರ ನಾವು ಇಂಗ್ಲಿಷರು ಕೋಟೆ ಕಾದರು ಎನ್ನುತ್ತೇವೆ. ಕಡ್ಡಿ ನೆಡುವ ಹುಡುಗಿಗೆ ಗೊತ್ತಾಗುತ್ತದೆ, ಕಾದವರು ಯಾರು ಎಂದು.

ಇನ್ನೊಂದು ಲೆಕ್ಕ ಮಾಡಿ. ಈ ಲೇಖನದಲ್ಲಿ ಆ ಮುತ್ತಿಗೆಯ ಎಷ್ಟು ಜನರ ಹೆಸರು ಬಂತು? ಒಂದು ಕೈಯ ಬೆರಳಲ್ಲಿ ಮುಗಿಯಿತು. ಹೊರಗಿನ ಎರಡು ಸಾವಿರ ಮಂದಿಯಲ್ಲಿ ಒಬ್ಬ ಕಾಲಾಳಿನ ಹೆಸರನ್ನೂ ನಾವು ಹೇಳಿಲ್ಲ. ಆದರೆ ಮಾದರಿಯಲ್ಲಿ ಅವರಿಗೆಲ್ಲ ಜಾಗ ಕೊಡಲೇಬೇಕು. ಒಂದೊಂದು ಕಡ್ಡಿಯನ್ನೂ ಒಬ್ಬ ಮಗು ಕತ್ತರಿಸಿ, ಬಣ್ಣ ಹಚ್ಚಿ, ಅಂಟಿಸಿ, ಒಣಗುವವರೆಗೆ ಹಿಡಿದುಕೊಂಡಿರಬೇಕು. ಮನುಷ್ಯರನ್ನು ಎಣಿಸುವುದು ಅಂದರೆ ಏನು ಎಂದು ಆಗ ತಿಳಿಯುತ್ತದೆ.

ಇದನ್ನು ನಮ್ಮ ಶಾಲೆಗಳಿಗೇ ಹೇಳಲು ಕಾರಣವಿದೆ. ತಾಳವಾಡಿ, ಹೊಸೂರು ಕಡೆ ಕನ್ನಡದಲ್ಲಿ ಓದುವ ಮಕ್ಕಳಿಗೆ ಒಂದಲ್ಲ ಒಂದು ದಿನ ಯಾರಾದರೂ ಕೇಳುತ್ತಾರೆ: ನೀವು ಆ ಕಡೆಯವರೋ ಈ ಕಡೆಯವರೋ? ಕೊಯಮತ್ತೂರು ಕೋಟೆಯ ಮುಂದೆ ಈ ಪ್ರಶ್ನೆ ನಿಲ್ಲುವುದಿಲ್ಲ. ಕಂಪನಿಯ ಬಾವುಟದ ಕೆಳಗೆ ತಿರುವಾಂಕೂರಿನವರೂ ಟೋಪಾಸರೂ ಇದ್ದರು, ಅವರಿಗೊಬ್ಬ ಫ್ರೆಂಚ್ ನಾಯಕ. ಹೊರಗೆ ನಿಂತ ಮೈಸೂರು ಪಡೆಗೆ ಈ ತಮಿಳು ಸೀಮೆ ತನ್ನದೇ ರಾಜ್ಯ. ಗಡಿಗಳೂ ಸರಿದಾಡಿವೆ. 1956ರವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1979ರಲ್ಲಿ ಈರೋಡು ಭಾಗ ಬೇರೆ ಜಿಲ್ಲೆಯಾಯಿತು, 2009ರಲ್ಲಿ ತಿರುಪ್ಪೂರು ಜಿಲ್ಲೆ ಹುಟ್ಟಿತು. ನಮ್ಮ ಕಡೆ, ಅವರ ಕಡೆ ಎಂದು ಎರಡೇ ಬಣ್ಣದ ಡಬ್ಬಿ ತಂದ ಮಕ್ಕಳಿಗೆ ಮೂರನೆಯದು, ನಾಲ್ಕನೆಯದು ಬೇಕಾಗುತ್ತದೆ. ಆ ಡಬ್ಬಿಗೆ ಓಡುವಾಗಲೇ ಚರಿತ್ರೆಯ ಪಾಠ ಅರ್ಧ ಆದಂತೆ.

ಖರ್ಚು ಹೆಚ್ಚಿಲ್ಲ. 232 ಆಳುಗಳಿಗೆ 58 ಬೆಂಕಿಕಡ್ಡಿ. ಗಣಿತದ ಮೇಡಮ್ಮನವರು ಅಳತೆಯ ಪಾಠಕ್ಕೆ, ಭೂಗೋಳದವರು ಗಾಳಿಯ ಪಾಠಕ್ಕೆ ಬರಲಿ. ಪ್ರದರ್ಶನದ ದಿನ ಮಾದರಿಯ ಪಕ್ಕದಲ್ಲಿ ಒಂದು ಮಗು ನಿಂತು, ಬಂದವರಿಗೆ ಮೊದಲು ಒಂದೇ ಪ್ರಶ್ನೆ ಹಾಕಲಿ: ಈ ಕೋಟೆಯೊಳಗೆ ಇಂಗ್ಲಿಷರು ಎಷ್ಟು ಜನ ಹೇಳಿ ನೋಡೋಣ?