ಎಸ್‌ಎಲ್‌ಆರ್ ಫಿಲ್ಮ್ ಕ್ಯಾಮರಾ: ಫೋಕಸ್ ದೋಷದ ಪತ್ತೆ

ಕೈಯಿಂದ ಫೋಕಸ್ ಮಾಡುವ 35 ಮಿ.ಮೀ. ಎಸ್‌ಎಲ್‌ಆರ್ ಕ್ಯಾಮರಾದಲ್ಲಿ ಕಣ್ಣಿಗೆ ಕಾಣುವ ಬಿಂಬ ಬೇರೆ, ಫಿಲ್ಮಿನ ಮೇಲೆ ಬೀಳುವ ಬಿಂಬ ಬೇರೆ. ಲೆನ್ಸ್ ಹಾಯ್ದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಯಿಂದ ಪ್ರತಿಫಲಿಸಿ ಮೇಲಿನ ಫೋಕಸಿಂಗ್ ಸ್ಕ್ರೀನಿಗೆ ಹೋಗುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಅದೇ ಬೆಳಕಿಗೆ ಹಿಂದಿನ ಫಿಲ್ಮಿನ ದಾರಿ ಬಿಡುತ್ತದೆ. ಎರಡೂ ದಾರಿಗಳ ಉದ್ದ ಒಂದೇ ಆಗಿರಬೇಕು. ಲೆನ್ಸ್ ಕೂರುವ ಉಂಗುರದಿಂದ ಫಿಲ್ಮಿಗೆ ನಿಕಾನ್ ಎಫ್ ಮೌಂಟಿನಲ್ಲಿ 46.5 ಮಿ.ಮೀ., ಪೆಂಟಾಕ್ಸ್ ಕೆ ಮೌಂಟಿನಲ್ಲಿ 45.46 ಮಿ.ಮೀ. ದೂರ ನಿಗದಿಯಾಗಿದೆ. ಚಿತ್ರ ಮಸುಕಾಗಿ ಬಂದರೆ ಲೆನ್ಸನ್ನೇ ದೂರಿ, ಅದರ ಅನಂತದ ನಿಲುಗಡೆಯನ್ನು ತಿದ್ದಲು ಹೊರಡುವವರು ಬಹಳ. ಇದು ತರ್ಕಕ್ಕೆ ನಿಲ್ಲುವುದಿಲ್ಲ. ಲೆನ್ಸ್ ಎರಡೂ ದಾರಿಗಳಿಗೆ ಸಾಮಾನ್ಯ. ಅದು ತುಸು ಮುಂದೆ ಹಿಂದೆ ಕೂತಿದ್ದರೆ ಎರಡೂ ಬಿಂಬಗಳು ಒಟ್ಟಿಗೇ ಜರುಗುತ್ತವೆ, ಫೋಕಸ್ ಮಾಡುವವರು ಉಂಗುರ ತಿರುಗಿಸುವಾಗ ಅದು ತಾನಾಗಿ ಸರಿಹೋಗುತ್ತದೆ. ಉಂಗುರ ನಿಲುಗಡೆಗೆ ಬಂದು ನಿಲ್ಲುವ ಅನಂತದಲ್ಲಿ ಮಾತ್ರ ಅದು ತೊಂದರೆ ಕೊಟ್ಟೀತು. ವ್ಯೂಫೈಂಡರಿನಲ್ಲಿ ಚೊಕ್ಕಟವಾಗಿ ಕಂಡದ್ದು ಫಿಲ್ಮಿನಲ್ಲಿ ಮಸುಕಾಗಿದ್ದರೆ ಕೆಟ್ಟಿರುವುದು ಕನ್ನಡಿ, ಸ್ಕ್ರೀನ್, ಇಲ್ಲವೇ ಫಿಲ್ಮ್ ಕೂರುವ ನೆಲೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಫೋಕಸ್ ಮಾಡುವಾಗ ಲೆನ್ಸಿನ ರಂಧ್ರ ಪೂರ್ತಿ ತೆರೆದಿದ್ದು, ಚಿತ್ರ ತೆಗೆಯುವ ಕ್ಷಣದಲ್ಲಿ ಕಿರಿದಾಗುತ್ತದೆ. ಗೋಳೀಯ ವಿಪಥನ ಉಳಿದಿರುವ ಕೆಲವು ಲೆನ್ಸುಗಳಲ್ಲಿ ಆಗ ಫೋಕಸ್ ಜರುಗುವುದುಂಟು. ಆದ್ದರಿಂದ ಪರೀಕ್ಷೆಯನ್ನು ಪೂರ್ತಿ ತೆರೆದ ರಂಧ್ರದಲ್ಲೇ ಮಾಡಬೇಕು. ಎಫ್/8ರ ಚಿತ್ರಗಳು ಚೆನ್ನಾಗಿವೆ ಎನ್ನುವುದು ಕ್ಯಾಮರಾ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ದಾರಿಗಳಲ್ಲಿ 0.1 ಮಿ.ಮೀ. ವ್ಯತ್ಯಾಸವಿದ್ದರೆ, 50 ಮಿ.ಮೀ. ಲೆನ್ಸಿನಿಂದ 1 ಮೀಟರ್ ದೂರದ ಮುಖದಲ್ಲಿ ಫೋಕಸ್ ಸುಮಾರು 36 ಮಿ.ಮೀ. ತಪ್ಪುತ್ತದೆ. ಎಫ್/1.4ರಲ್ಲಿ ಸ್ಪಷ್ಟತೆಯ ಆಳ ಎರಡೂ ಕಡೆ 15 ಮಿ.ಮೀ. ಆಸುಪಾಸು, ಹಾಗಾಗಿ ಕಣ್ಣು ಮಸುಕಾಗಿ ಕೆನ್ನೆಯೋ ಮೂಗಿನ ತುದಿಯೋ ಚೂಪಾಗುತ್ತದೆ. ಎಫ್/8ರಲ್ಲಿ ಅದೇ ತಪ್ಪು ಆಳದೊಳಗೆ ಅಡಗಿಹೋಗುತ್ತದೆ.

ಛಾಯಾಗ್ರಾಹಕರ ಕಣ್ಣೇ ಕಾರಣ ಎನ್ನುವವರೂ ಇದ್ದಾರೆ. ಕಣ್ಣಿನ ತಪ್ಪು ಒಮ್ಮೆ ಮುಂದೆ, ಒಮ್ಮೆ ಹಿಂದೆ ಚೆದರುತ್ತದೆ. ಯಂತ್ರದ ತಪ್ಪು ಪ್ರತಿ ಸಲವೂ ಒಂದೇ ದಿಕ್ಕಿಗೆ ವಾಲುತ್ತದೆ. ಓರೆಯಾಗಿ ಇಟ್ಟ ಅಳತೆಪಟ್ಟಿಯ ಒಂದೇ ಗೆರೆಗೆ ಹಲವು ಸಲ ಹೊಸದಾಗಿ ಫೋಕಸ್ ಮಾಡಿದರೆ ಇದು ತಿಳಿಯುತ್ತದೆ. ಪಟ್ಟಿಯಲ್ಲಿ ಎಲ್ಲಿಯೂ ಒಂದು ಗೆರೆ ಚೂಪಾಗಿಲ್ಲದಿದ್ದರೆ ಅದು ಬಹುಶಃ ಕೈ ಅಲುಗಿದ್ದು. ತಪ್ಪು ಒಂದೇ ದಿಕ್ಕಿನದಾದರೆ ಅದು ಚಿತ್ರದ ಎಲ್ಲೆಡೆ ಸಮನಾಗಿದೆಯೇ ಎಂದು ನೋಡಬೇಕು. ಮೇಲ್ಭಾಗಕ್ಕೂ ಕೆಳಭಾಗಕ್ಕೂ ತಪ್ಪು ಬೇರೆ ಬೇರೆಯಾದರೆ ಕನ್ನಡಿಯ ಓರೆಯ ಮೇಲೆ ಅನುಮಾನ: ಅದು ಕೆಳಗಿಳಿದು ನಿಲ್ಲುವ ಮೊಳೆ ಜರುಗಿರಬಹುದು, ಹಳೆಯ ಫೋಮ್ ಕರಗಿದ ಅಂಟು ಅದನ್ನು ಪೂರ್ತಿ ಇಳಿಯಗೊಡದಿರಬಹುದು. ಎಲ್ಲೆಡೆ ಸಮನಾದ ತಪ್ಪಿಗೆ ಸ್ಕ್ರೀನಿನ ಎತ್ತರವೇ ಮೊದಲ ಶಂಕಿತ. ನಿಕಾನ್ ಎಫ್‌ಎಂ2ರಂತೆ ಸ್ಕ್ರೀನ್ ಬದಲಿಸಬಹುದಾದ ಕ್ಯಾಮರಾಗಳಲ್ಲಿ ಅದು ಬುಡಮೇಲಾಗಿಯೋ ಅರ್ಧ ಕೂತೋ ಇರುವುದುಂಟು.

ಫಿಲ್ಮಿನ ನೆಲೆಯನ್ನು ನೋಡಲು ಹಿಂಬಾಗಿಲು ತೆರೆದು, ‘ಬಿ’ (ಬಲ್ಬ್) ನೆಲೆಯಲ್ಲಿ ಶಟರ್ ತೆರೆದು ಹಿಡಿದು, ಮಬ್ಬುಗಾಜಿನ ಒರಟು ಮೈಯನ್ನು ಲೆನ್ಸಿನ ಕಡೆಗಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಾರೆ. ಗಾಜು ಒಳಗಿನ ಹಳಿಗಳ ಮೇಲೆ ಕೂರಬೇಕು. ಹೊರಗಿನವು ಒತ್ತುಫಲಕಕ್ಕಾಗಿ ತುಸು ಎತ್ತರವಾಗಿದ್ದು, ಅವುಗಳ ಮೇಲಿಟ್ಟರೆ ಇಲ್ಲದ ದೋಷ ಹುಟ್ಟುತ್ತದೆ. ಗಾಜು ಫಿಲ್ಮಿನಂತೆ ಬಾಗುವುದಿಲ್ಲವಾದ್ದರಿಂದ ಕೊನೆಯ ತೀರ್ಪು ತೊಳೆದ ನೆಗೆಟಿವಿನದೇ. ಅದನ್ನು ಸ್ಕ್ಯಾನಿನಲ್ಲಿ ನೋಡುವವರು ಮೊದಲು ಫಿಲ್ಮಿನ ಕಣಗಳು ಚೂಪಾಗಿವೆಯೇ ಎಂದು ಗಮನಿಸಬೇಕು. ಕಣಗಳೇ ಮಸುಕಾಗಿದ್ದರೆ ಕ್ಯಾಮರಾ ಬಿಚ್ಚುವ ಮೊದಲು ಸ್ಕ್ಯಾನರನ್ನು ಪರೀಕ್ಷಿಸಬೇಕು.